ನೆನಪು ಸಾಕ್ಷಿ ಹೇಳೀತೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಅವರ ಕೆಲಸ ದೇಶದಾಚೆಗೂ ಚರ್ಚೆಗೆ ಬಂದದ್ದು ಒಂದು ಕೊಲೆ ಮೊಕದ್ದಮೆಯ ದೆಸೆಯಿಂದ. 2008ರ ಜೂನ್‌ನಲ್ಲಿ ಪುಣೆಯ ನ್ಯಾಯಾಲಯವೊಂದು ವಿಷ ಹಾಕಿ ಕೊಂದ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ, ಅವರು ರೂಪಿಸಿದ ಮಿದುಳು ಪರೀಕ್ಷೆಯ ವರದಿಗೂ ಮನ್ನಣೆ ಕೊಟ್ಟಿತು. ಪರೀಕ್ಷೆಯ ಹೆಸರು ಬ್ರೈನ್ ಎಲೆಕ್ಟ್ರಿಕಲ್ ಆಸಿಲೇಷನ್ ಸಿಗ್ನೇಚರ್, ಚಿಕ್ಕದಾಗಿ ಬಿಯೋಸ್. ರೋಗಿಗಳ ನೆನಪು, ಗಮನ, ಗ್ರಹಿಕೆಗಳನ್ನು ಅಳೆಯುವ ವಿದ್ಯೆಯಲ್ಲಿ ಪಳಗಿದ ಒಬ್ಬ ವಿಜ್ಞಾನಿ ಅದೇ ವಿದ್ಯೆಯನ್ನು ಆರೋಪಿಯ ಕಡೆಗೆ ತಿರುಗಿಸಿದರು. ಆ ತಿರುವನ್ನು ವಿಮರ್ಶೆಗೆ ಒಡ್ಡುವುದು ಅಗತ್ಯ ಎಂದು ನಾನು ನಂಬಿದ್ದೇನೆ. ಯಾಕೆಂದರೆ ಮನಶ್ಶಾಸ್ತ್ರ ತನ್ನ ಬಗ್ಗೆ ತಾನೇ ಅರಿತಿದ್ದ ಒಂದು ಮುಖ್ಯ ಸಂಗತಿ ಅಲ್ಲಿ ಕೈಬಿಟ್ಟುಹೋಯಿತು.

ಪರೀಕ್ಷೆ ನಡೆಯುವುದು ಹೀಗೆ. ಆರೋಪಿಯ ತಲೆಗೆ ಎಲೆಕ್ಟ್ರೋಡುಗಳಿರುವ ಟೋಪಿ ತೊಡಿಸಿ, ಕಣ್ಣು ಮುಚ್ಚಿಸಿ ಕೂರಿಸುತ್ತಾರೆ. ಪೊಲೀಸರು ಕಟ್ಟಿದ ಘಟನಾವಳಿಯನ್ನು ಪುಟ್ಟ ಪುಟ್ಟ ವಾಕ್ಯಗಳಾಗಿ ಒಡೆದು ಒಂದೊಂದೇ ಕೇಳಿಸುತ್ತಾರೆ. ಆ ವಾಕ್ಯಗಳೆಲ್ಲ ‘ನಾನು’ ಎಂದೇ ಶುರುವಾಗುತ್ತವೆ. ನಾನು ಆರ್ಸೆನಿಕ್ ಕೊಂಡೆ. ನಾನು ಅವನನ್ನು ಭೇಟಿಯಾದೆ. ಕೂತವನು ಹೌದು ಎನ್ನಬೇಕಿಲ್ಲ, ಇಲ್ಲ ಎನ್ನಬೇಕಿಲ್ಲ, ಬಾಯಿ ತೆರೆಯುವುದೇ ಬೇಕಿಲ್ಲ. ಅಷ್ಟೂ ಹೊತ್ತು ಮಿದುಳಿನ ವಿದ್ಯುತ್ ಅಲೆಗಳು ದಾಖಲಾಗುತ್ತಿರುತ್ತವೆ. ಯಾವ ವಾಕ್ಯ ಸ್ವಂತ ಅನುಭವದ ನೆನಪನ್ನು ಕೆದಕಿತು, ಯಾವುದು ಬರೀ ಕೇಳಿ ತಿಳಿದ ಸಂಗತಿ ಎಂಬುದನ್ನು ಕಂಪ್ಯೂಟರ್ ಬೇರ್ಪಡಿಸುತ್ತದೆ ಎಂಬುದು ಮುಕುಂದನ್ ಅವರ ವಾದ.

ಈ ವಾದದ ಹಿಂದಿನ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಠಾಣೆಗಳಲ್ಲಿ ಬಾಯಿ ಬಿಡಿಸುವುದು ಅಂದರೆ ಏನು ಎಂದು ಗೊತ್ತಿರುವ ಯಾರಿಗಾದರೂ, ಲಾಠಿಯಿಲ್ಲದೆ ನಿಜ ತಿಳಿಯುವ ದಾರಿ ದೊಡ್ಡ ಆಸೆಯಾಗಿಯೇ ಕಾಣುತ್ತದೆ. ಅದೇ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶಕ್ಕೇ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯೂ ಆ ಪರೀಕ್ಷೆಗೆ ಒಳಗಾದ. ಅರೆಎಚ್ಚರದಲ್ಲಿ ಅವನು ತೊದಲಿದ ಮಾತುಗಳನ್ನು ಟಿ.ವಿ. ವಾಹಿನಿಗಳು ಮನೆಮನೆಗೆ ತಲುಪಿಸಿದವು. ರಕ್ತನಾಳಕ್ಕೆ ಪೆಂಟೊಥಾಲ್ ಏರಿಸುವ ಆ ಕ್ರಮದ ಪಕ್ಕದಲ್ಲಿಟ್ಟರೆ ಬಿಯೋಸ್ ಎಷ್ಟೋ ಸಭ್ಯ. ಸೂಜಿಯಿಲ್ಲ, ಮಂಪರಿಲ್ಲ, ನೋವಿಲ್ಲ. ಆದರೆ ನೋವಿಲ್ಲದ್ದೆಲ್ಲ ನಿಜವನ್ನೇ ಹೇಳುತ್ತದೆ ಎನ್ನುವುದು ಹೇಗೆ?

ನನ್ನ ತಕರಾರು ಇರುವುದು ಆ ‘ನಾನು’ ಎಂಬ ಮಾತಿನ ಮೇಲೆ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರನ್ನು ನೆನೆದರೆ ತಕರಾರು ಸ್ಪಷ್ಟವಾಗುತ್ತದೆ. 2014ರಲ್ಲಿ ತೀರಿಕೊಂಡ ನಾಡೋಜ ಈರಮ್ಮ ಬುಡ್ಗ ಜಂಗಮ ಸಮುದಾಯದವರು. ಅಕ್ಷರ ಕಲಿತವರಲ್ಲ. ಆದರೂ ಹನ್ನೆರಡು ದೀರ್ಘ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಹಾಡಿ ಕಥೆ ಹೇಳುವ ಬುರ್ರಕಥೆಯವರು ಕಥೆಯನ್ನು ದೂರ ನಿಂತು ವರದಿ ಮಾಡುವವರಲ್ಲ. ಗುಮ್ಮಟೆಯ ಪೆಟ್ಟಿನ ಜತೆಗೆ ಪಾತ್ರದ ಮೈಯೊಳಗೆ ಹೊಗುತ್ತಾರೆ. ಈಗ ರಾಜ, ಮರುಗಳಿಗೆ ರಾಣಿ, ಮತ್ತೊಂದು ಗಳಿಗೆಗೆ ಮಗನನ್ನು ಕಳೆದುಕೊಂಡ ತಾಯಿ. ಎಲ್ಲರ ‘ನಾನು’ ಆ ಒಂದೇ ಕಂಠದಿಂದ ಬರಬೇಕು. ತಂದೆಯಿಂದ ಕಲಿತು, ಊರೂರು ಅಲೆದು, ಒಂದು ಆಯುಷ್ಯವಿಡೀ ಅಳುತ್ತ ನಗುತ್ತ ಹಾಡಿದ ಆ ಬದುಕುಗಳು ಈರಮ್ಮನವರಿಗೆ ಕೇಳಿ ತಿಳಿದ ಸಂಗತಿಯೋ, ಅನುಭವವೋ? ಇವೆರಡರ ನಡುವೆ ಗೆರೆ ಎಳೆಯಬಲ್ಲೆ ಎನ್ನುವ ಯಂತ್ರ ದರೋಜಿಗೆ ಬಂದಿದ್ದರೆ ಏನು ಬರೆದುಕೊಳ್ಳುತ್ತಿತ್ತು?

ಇದನ್ನು ಕಲಾವಿದರ ವಿಶೇಷ ಪ್ರಕರಣ ಎಂದು ಬದಿಗಿಡಬಾರದು. ಕಸ್ಟಡಿಯಲ್ಲಿ ದಿನಗಟ್ಟಲೆ ಕೂತವನಿಗೆ ಪೊಲೀಸರು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ನೀನು ಅಲ್ಲಿಗೆ ಹೋದೆ, ನೀನು ಕೊಂಡೆ, ನೀನು ಕೊಟ್ಟೆ. ಹತ್ತನೇ ಸಲಕ್ಕೆ ಆ ಜಾಗ, ಆ ಹೊತ್ತು, ಆ ಬಾಟಲಿ ಅವನ ಕಣ್ಣಿಗೆ ಕಟ್ಟುತ್ತವೆ. ನಿದ್ದೆಗೆಟ್ಟು, ಹೆದರಿ, ಏನು ಮಾಡಿದರೆ ಇಲ್ಲಿಂದ ಹೊರಗೆ ಹೋದೇನು ಎಂದು ಲೆಕ್ಕ ಹಾಕುತ್ತಿರುವ ಮನಸ್ಸು ಅದು. ಆಮೇಲೆ ಟೋಪಿ ತೊಡಿಸಿ ‘ನಾನು ಕೊಂಡೆ’ ಎಂದು ಕೇಳಿಸಿದರೆ, ಏಳುವ ಅಲೆ ಯಾವುದರದ್ದು?

ಫ್ರಾಯ್ಡ್ 1906ರಲ್ಲಿ ವಿಯೆನ್ನಾದಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಒಂದು ಉಪನ್ಯಾಸ ಕೊಟ್ಟರು. ಒಂದು ಪದ ಹೇಳಿ, ಅದಕ್ಕೆ ತಟ್ಟನೆ ಹೊಳೆದ ಪದವನ್ನು ಗಮನಿಸಿ ಗುಟ್ಟು ಹಿಡಿಯುವ ಪ್ರಯೋಗಗಳು ಆಗ ಹೊಸತು. ಆರೋಪಿಗೂ ತನ್ನ ರೋಗಿಗೂ ಇರುವ ವ್ಯತ್ಯಾಸವನ್ನು ಫ್ರಾಯ್ಡ್ ಬಿಡಿಸಿಟ್ಟರು. ಅಪರಾಧಿ ತನಗೆ ಗೊತ್ತಿರುವ ಗುಟ್ಟನ್ನು ಬಚ್ಚಿಡುತ್ತಾನೆ, ರೋಗಿಯ ಗುಟ್ಟು ಅವನಿಂದಲೇ ಅಡಗಿರುತ್ತದೆ. ಜತೆಗೆ ಮಗುವಿನ ಉದಾಹರಣೆಯನ್ನೂ ಕೊಟ್ಟರು. ಮಾಡದ ತಪ್ಪಿಗೆ ಗದರಿಸಿದರೂ ಮಗು ಸಿಕ್ಕಿಬಿದ್ದ ಕಳ್ಳನಂತೆ ಅಳುತ್ತದೆ, ಯಾಕೆಂದರೆ ಬೇರೆ ಯಾವುದೋ ತಪ್ಪು ಅದರ ಹೊಟ್ಟೆಯಲ್ಲಿದೆ. ಪರೀಕ್ಷೆಗೆ ಕೂತ ನಿರಪರಾಧಿಯೂ ಹೀಗೆಯೇ ನಡೆದುಕೊಂಡಾನು, ನೆಚ್ಚಿ ತೀರ್ಪು ಕೊಡಬೇಡಿ ಎಂಬುದು ಅವರ ಎಚ್ಚರಿಕೆ. ಮನಸ್ಸಿನಲ್ಲಿ ಇರುವುದೆಲ್ಲ ನಡೆದದ್ದಲ್ಲ ಎಂಬ ಈ ತಿಳಿವಳಿಕೆ ಮನೋವಿಶ್ಲೇಷಣೆಯ ತಳಪಾಯ. ಬಿಯೋಸ್‌ನ ಬಗ್ಗೆ ನನ್ನ ದೊಡ್ಡ ಆಕ್ಷೇಪವೆಂದರೆ, ನೂರು ವರ್ಷ ಹಳೆಯ ಈ ಎಚ್ಚರಿಕೆಗೆ ಅದು ಉತ್ತರಿಸಲಿಲ್ಲ, ಅದನ್ನು ದಾಟಿಕೊಂಡು ಹೋಯಿತು.

ಫ್ರಾಯ್ಡ್‌ವರೆಗೆ ಹೋಗುವುದೂ ಬೇಕಿರಲಿಲ್ಲ. ಕಂಪ್ಲಿ, ಕುಮ್ಮಟದ ಸೀಮೆಯ ಕುಮಾರರಾಮನ ಕಥೆ ಈರಮ್ಮನವರ ಕಾವ್ಯಗಳಲ್ಲಿ ಒಂದು. ಮಲತಾಯಿ ರತ್ನಾಜಿ ಅವನನ್ನು ಬಯಸುತ್ತಾಳೆ, ಅವನು ಒಲ್ಲೆನೆಂದಾಗ ಅವನ ಮೇಲೇ ಆರೋಪ ಹೊರಿಸುತ್ತಾಳೆ. ಕಂಪಿಲರಾಯ ಮಗನನ್ನು ಕೇಳುವ ಗೋಜಿಗೆ ಹೋಗದೆ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಬಚ್ಚಿಟ್ಟು ಉಳಿಸುತ್ತಾನೆ. ಆರೋಪ ಕೇಳಿದ ರಾಜ, ಆರೋಪಿಯನ್ನು ಕೇಳಲಿಲ್ಲ. ಈ ಸೀಮೆಯ ಜನ ತಲೆತಲಾಂತರದಿಂದ ಹಾಡಿಕೊಂಡು ಬಂದ ಅನ್ಯಾಯ ಅದೇ. ಕೂತವನು ಬಾಯಿ ತೆರೆಯುವುದೇ ಬೇಕಿಲ್ಲ ಎನ್ನುವ ಬಿಯೋಸ್ ಮಾಡುವುದೂ ಅದನ್ನೇ.

ಬಿಯೋಸ್‌ನ ವೈಜ್ಞಾನಿಕ ತೂಕವನ್ನು ಅಳೆದವರಲ್ಲಿ ನಿಮ್ಹಾನ್ಸ್ ಕೂಡ ಇತ್ತು ಎಂಬುದನ್ನು ನಾನು ಆ ಸಂಸ್ಥೆಯ ಹಿರಿಮೆ ಎಂದೇ ಎಣಿಸುತ್ತೇನೆ. ಅದರ ನಿರ್ದೇಶಕ ಡಾ. ಡಿ. ನಾಗರಾಜ ನೇತೃತ್ವದ ತಜ್ಞರ ಸಮಿತಿ 2008ರಲ್ಲೇ ಇಂಥ ಮಿದುಳು ಪರೀಕ್ಷೆಗಳಿಗೆ ವಿಜ್ಞಾನದ ಆಧಾರ ಸಾಲದು, ನ್ಯಾಯಾಲಯದಲ್ಲಿ ಪುರಾವೆಯಾಗಿ ಬಳಸಬಾರದು ಎಂದಿತು. ತನ್ನದೇ ವಿಭಾಗದ ಹಿರಿಯರೊಬ್ಬರ ಆಯುಷ್ಯದ ಕೆಲಸವನ್ನು ಹೀಗೆ ಒರೆಗೆ ಹಚ್ಚಲು ಗಟ್ಟಿತನ ಬೇಕು.

ಕಾನೂನಿನ ಮಾತು ಬಂದದ್ದು 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಎಂಬ ಮಿದುಳು ಪರೀಕ್ಷೆ ಮೂರನ್ನೂ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಸಂವಿಧಾನದ 20(3)ನೇ ವಿಧಿ ಕೊಡುವ ಮೌನದ ಹಕ್ಕು ಬಾಯಿಗಷ್ಟೇ ಅಲ್ಲ, ಮನಸ್ಸಿಗೂ ಸಲ್ಲುತ್ತದೆ ಎಂಬುದು ಆ ತೀರ್ಪಿನ ಸತ್ವ. ಒಪ್ಪಿ ಕೂತರೂ ಪರೀಕ್ಷೆಯ ಫಲಿತಾಂಶ ತಾನೇ ಪುರಾವೆಯಾಗದು, ಅದರಿಂದ ಆಮೇಲೆ ಪತ್ತೆಯಾದ ಮಾಹಿತಿ ಅಥವಾ ವಸ್ತುವನ್ನು ಮಾತ್ರ ಪರಿಗಣಿಸಬಹುದು.

ಈರಮ್ಮನವರ ಬಳ್ಳಾರಿ ಜಿಲ್ಲೆಗೆ ನಿಮ್ಹಾನ್ಸ್‌ನ ಇನ್ನೊಂದು ಮುಖವೂ ಗೊತ್ತು. 1980ರ ದಶಕದ ನಡುವಿನಲ್ಲಿ ಅಲ್ಲಿನ ತಂಡ ಇದೇ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟಿತು. ಮಾತ್ರೆ ಊರಿನ ಹತ್ತಿರವೇ ಸಿಗುವಂತಾಯಿತು. ಬಳ್ಳಾರಿ ಮಾದರಿ ಎಂದೇ ಹೆಸರಾದ ಈ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು. ಮಾತ್ರೆ ತಲುಪಿದಷ್ಟು ಸಲೀಸಾಗಿ ಕೂತು ಕೇಳುವ ಮನಶ್ಶಾಸ್ತ್ರಜ್ಞರು ಹಳ್ಳಿಗೆ ತಲುಪಲಿಲ್ಲ ಎಂಬ ಕೊರತೆ ಅದಕ್ಕೂ ಉಂಟು. ಆದರೂ ಆ ಕೆಲಸ ರೋಗಿಯ ಪರವಾಗಿತ್ತು. ಅವನು ಹೇಳಿಕೊಂಡದ್ದು ಅವನ ಒಳಿತಿಗೇ ಬಳಕೆಯಾಗುತ್ತಿತ್ತು.

ವಿಧಿವಿಜ್ಞಾನದ ಕೋಣೆಯಲ್ಲಿ ಕೂತ ಮನಶ್ಶಾಸ್ತ್ರಜ್ಞ ಯಾರ ಪರ? ತೀರ್ಪು ಬಂದ ಮೇಲೂ ಈ ಪ್ರಶ್ನೆ ಮುಗಿದಿಲ್ಲ, ಯಾಕೆಂದರೆ ಈಗ ಎಲ್ಲವೂ ಒಪ್ಪಿಗೆಯ ಮೇಲೆ ನಿಂತಿದೆ. ವಕೀಲರ ನೆರವು ಇರಬೇಕು, ಪರಿಣಾಮಗಳನ್ನು ವಿವರಿಸಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು ಎನ್ನುತ್ತವೆ ಸುಪ್ರೀಂ ಕೋರ್ಟ್ ಎತ್ತಿಹಿಡಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸೂಚನೆಗಳು. ಓದುಬರಹವಿಲ್ಲದ ಒಬ್ಬ ಅಲೆಮಾರಿ ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆಯೋ ಹೆದರಿಕೆಯೋ ಎಂದು ಹೇಳಬಲ್ಲ ತರಬೇತಿ ಇರುವುದು ಆ ಕೋಣೆಯಲ್ಲಿ ಮನಶ್ಶಾಸ್ತ್ರಜ್ಞನಿಗೇ. ಟೋಪಿ ತೊಡಿಸುವ ಮುಂಚೆ ಅವನು ಅದನ್ನು ವಿಚಾರಿಸಬೇಕು. ಹೆದರಿಕೆ ಎಂದು ಕಂಡರೆ ಬರೆದುಕೊಟ್ಟು, ಪರೀಕ್ಷೆ ನಡೆಸಲು ಒಲ್ಲೆ ಎನ್ನಬೇಕು.