ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ದುಡಿಮೆಯ ಅಳತೆ

12ನೆಯ ಶತಮಾನದ ಶರಣೆಯರನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಒಂದೇ ಮಾತಿನಿಂದ ತೊಡಗುತ್ತದೆ: ಕಾಯಕತತ್ತ್ವವು ಸ್ತ್ರೀಪುರುಷಭೇದವನ್ನು ಅಳಿಸಿತೆಂದು. ಮಾತು ಅಸತ್ಯವಲ್ಲ. ಆದರೆ ಭೇದವು ಅಳಿಯಿತೆಂದು ಮೊದಲೇ ಒಪ್ಪಿಕೊಂಡಮೇಲೆ, ಯಾರ ದುಡಿಮೆಗೆ ಹೆಸರು ಬಂದಿತು, ಯಾರದಕ್ಕೆ ಬರಲಿಲ್ಲ ಎಂಬ ಪ್ರಶ್ನೆಗೆ ಎಡೆಯೇ ಇಲ್ಲವಾಗುತ್ತದೆ.

ಲಕ್ಕಮ್ಮನ ಪ್ರಸಂಗ ಸುಪರಿಚಿತವಾದುದು. ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ ಆಕೆ ಅದನ್ನು ಒಲ್ಲದೆ, ಅಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಆಸೆಯು ಅರಸರಿಗಲ್ಲದೆ ಶಿವಭಕ್ತರಿಗೆ ಸಲ್ಲದೆಂದು ವಾದಿಸುತ್ತಾಳೆ. ಇದನ್ನು ಅಪರಿಗ್ರಹದ ಉಪದೇಶವೆಂದು ವಿವರಿಸುವುದು ರೂಢಿ. ನಮಗೆ ತೋರುವಂತೆ ಇದರ ಸ್ವಾರಸ್ಯವು ಇನ್ನೂ ಹತ್ತಿರದಲ್ಲಿದೆ. ಅಕ್ಕಿ ಮಿಗಿಲಾಯಿತೆಂಬುದು ತಂದವನಿಗೆ ಹೊಳೆಯಲಿಲ್ಲ, ಅಟ್ಟು ಬಡಿಸುವವಳಿಗೆ ಹೊಳೆಯಿತು. ಮನೆಯ ಗಡಿಗೆಯ ಅಳತೆಯನ್ನು ಬಲ್ಲ ಕೈಯೇ ಇಲ್ಲಿ ತತ್ತ್ವವನ್ನು ನುಡಿಯುತ್ತಿದೆ. ಪತಿಯನ್ನು ತಿದ್ದುವ ಅಧಿಕಾರವೂ ಆಕೆಗೆ ಅಲ್ಲಿಂದಲೇ ಬಂದಿರಬೇಕು. ಹೀಗಿದ್ದೂ ಆಕೆಯ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಮಾರಯ್ಯನ ಅಂಕಿತವಾದರೋ ಬರಿಯ 'ಅಮರೇಶ್ವರಲಿಂಗ'. ಅಲ್ಲಿ ಲಕ್ಕಮ್ಮನ ಹೆಸರಿಲ್ಲ! ದಾಂಪತ್ಯಸಾಮರಸ್ಯವೆಂಬ ಒಂದು ಪದದಿಂದ ಈ ವ್ಯತ್ಯಾಸವನ್ನು ದಾಟಿಹೋಗುವುದು ಉಚಿತವಲ್ಲ.

ಮುಂದೆ ಕಥೆಯು ಬೆಳೆದು, ಆ ಅಲ್ಪ ಅಕ್ಕಿಯಿಂದಲೇ ಆಕೆ 1,96,000 ಜಂಗಮರಿಗೆ ದಾಸೋಹ ನಡೆಸಿದಳೆನ್ನುತ್ತದೆ. ಪವಾಡವು ಭಕ್ತಿಗೆ ಭೂಷಣವಾಗಿರಬಹುದು. ಅಡುಗೆಗೆ ಮಾತ್ರ ಅನ್ಯಾಯ. ವಚನದಲ್ಲಿ ಅಕ್ಕಿಗೆ ಅಳತೆಯಿತ್ತು. ಕಥೆಯಲ್ಲಿ ಅಳತೆಯೂ ಇಲ್ಲ, ಒಲೆಯ ಮುಂದೆ ಬೆಂದವಳೂ ಇಲ್ಲ.

ಅಂಗಳದಲ್ಲಿ ಚೆಲ್ಲುವ ಮುನ್ನ ಆ ಭತ್ತವನ್ನು ಕುಟ್ಟಿದವರಾರೆಂದು ಕಥೆ ಕೇಳುವುದಿಲ್ಲ. ಭತ್ತ ಕುಟ್ಟುವುದನ್ನೇ ಕಾಯಕವಾಗಿ ಉಳ್ಳ ಕೊಟ್ಟಣದ ಸೋಮಮ್ಮ ಎಂಬ ಶರಣೆಯಿದ್ದಳು. 1993ರ ಸಮಗ್ರ ವಚನ ಸಂಪುಟಗಳಲ್ಲಿ ಲಕ್ಕಮ್ಮನ 25 ವಚನಗಳಿದ್ದರೆ ಈಕೆಯದು 1 ಮಾತ್ರ. ನೂಲುವ ಕದಿರ ರೆಮ್ಮವ್ವೆಯವು 4. ರೆಮ್ಮವ್ವೆ ತನ್ನ ರಾಟೆಯ ಕುಲವನ್ನು ಹೇಳಹೊರಟು, ಅದರ ಕೆಲವು ಅಂಗಗಳಲ್ಲಿ ದೇವತೆಗಳನ್ನು ಕಾಣಿಸುತ್ತಾಳೆ. ವ್ಯಾಖ್ಯಾನಕಾರರು ದೇವತೆಗಳನ್ನು ಎಣಿಸಿ ತೃಪ್ತರಾಗುವರು. ದಿನಗಟ್ಟಲೆ ರಾಟೆಯನ್ನು ತಿರುಗಿಸಿದವಳಿಗಲ್ಲದೆ ಆ ಅಂಗಗಳು ಅಷ್ಟು ಸಲೀಸಾಗಿ ನಾಲಿಗೆಗೆ ಬಾರವು ಎಂಬುದನ್ನು ಎಣಿಸುವುದಿಲ್ಲ. ಕುಲವನ್ನು ಕೇಳುವ ಜಗತ್ತಿಗೆ ರಾಟೆಯ ಕುಲವನ್ನು ಮುಂದಿಡುವ ಆ ಕೊಂಕನ್ನೂ ಗಮನಿಸಿದವರು ವಿರಳ.

ಶರಣೆಯರ ಹೆಸರುಗಳಲ್ಲಿ ಕದಿರು ಉಂಟು, ಕೊಟ್ಟಣ ಉಂಟು. ತಮ್ಮ ಮನೆಯ ಒಲೆಯಿಂದ ಹೆಸರು ಪಡೆದವಳನ್ನು ನಾವು ಕಾಣೆವು. ಲಕ್ಕಮ್ಮನಿಗೆ ಸಂದ 'ಆಯ್ದಕ್ಕಿ' ಎಂಬ ವಿಶೇಷಣವೂ, ಪ್ರಚಲಿತ ಕಥೆಯಂತೆ, ಮಾರಯ್ಯನು ಅಂಗಳದಲ್ಲಿ ಮಾಡಿದ ಕಾಯಕದ್ದೇ.