ತರಬೇತಿಯ ಋಣ: ಒಂದು ವಿಮರ್ಶೆ

ಒಂದು ಇಲಾಖೆಯು ತನ್ನ ವೆಚ್ಚದಿಂದ ಸಿದ್ಧಗೊಳಿಸಿದ ನೌಕರನು ಮತ್ತೊಂದು ಇಲಾಖೆಗೆ ಹೊರಟುಹೋದಾಗ ಆ ವೆಚ್ಚವನ್ನು ತುಂಬಿಕೊಡಬೇಕಾದವರು ಯಾರು? ಪೋಲೀಸ್ ಇಲಾಖೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಾಮರ್ಶಿಸುವುದೇ ನಮ್ಮ ಉದ್ದೇಶ.

ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಭಾರೀ ಬಂಡೆಗಳು, ಸುತ್ತಲೂ ಕಾಡು, ತಪ್ಪಲಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿಗಳ ದೇವಾಲಯಗಳು. ಇಲ್ಲಿ ಕಾಡನ್ನು ಕಾಯುವುದು ಅರಣ್ಯ ಇಲಾಖೆ, ಜನರನ್ನು ಕಾಯುವುದು ಪೋಲೀಸ್ ಇಲಾಖೆ. ಬೆಟ್ಟವೊಂದೇ ಆದರೂ ತರಬೇತಿ ಎರಡು, ಲೆಕ್ಕ ಎರಡು. ಪೋಲೀಸ್ ತರಬೇತಿ ಶಾಲೆಯೊಂದು ಸಮೀಪದ ಚನ್ನಪಟ್ಟಣದಲ್ಲಿಯೇ ಉಂಟು. ಅಂತಹ ಶಾಲೆಯಿಂದ ಹೊರಬಂದ ಪೇದೆಯೊಬ್ಬನು ಮರುವರ್ಷವೇ ಅರಣ್ಯ ಇಲಾಖೆಗೋ ಕೇಂದ್ರದ ಮೀಸಲು ಪಡೆಗೋ ಆಯ್ಕೆಯಾದನೆಂದು ಊಹಿಸಿದರೆ, ಪೋಲೀಸ್ ಇಲಾಖೆಗೆ ಆಗುವ ನಷ್ಟ ಸ್ಪಷ್ಟವಾಗುತ್ತದೆ. ತರಬೇತಿಯ ಕಾಲದ ಸಂಬಳ, ಊಟ, ವಸತಿ, ಬೋಧನೆ ಇವೆಲ್ಲಕ್ಕೂ ಹಣ ಸಂದಿದೆ. ಫಲ ಮಾತ್ರ ಅನ್ಯರ ಪಾಲಾಗಿದೆ.

ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತಳವಾರಿಕೆ ವಂಶಪಾರಂಪರ್ಯವಾಗಿತ್ತು; ಮಗನು ತಂದೆಯ ಜೊತೆಯಲ್ಲಿ ತಿರುಗಿ ಕೆಲಸ ಕಲಿಯುತ್ತಿದ್ದನು. ಸೇವೆಗೆ ಪ್ರತಿಯಾಗಿ ಇನಾಮು ಭೂಮಿಯಿತ್ತು. ಸೇವೆ ಬಿಟ್ಟವನಿಗೆ ಭೂಮಿಯೂ ಇಲ್ಲ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ಆ ವ್ಯವಸ್ಥೆಯನ್ನು ಕೊನೆಗಾಣಿಸಿತು. ಹುಟ್ಟಿನ ಕಟ್ಟು ಹರಿದದ್ದು ಒಳ್ಳೆಯದೇ ಆಯಿತು. ಆದರೆ ಭೂಮಿಯ ಕಟ್ಟು ಹೋದ ಕಡೆ ಮುಚ್ಚಳಿಕೆಯ ಕಟ್ಟು ಬಂದಿತು.

ಈ ಮುಚ್ಚಳಿಕೆಯ ಬಲಾಬಲಗಳನ್ನು ಅಳೆದ ಮುಖ್ಯ ತೀರ್ಪು ಪೋಲೀಸರದಲ್ಲ; 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾದ ವಿಜಯಾ ಬ್ಯಾಂಕಿನದು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ತೆರಬೇಕೆಂಬುದು ಕರಾರು. 2007ರ ಸೆಪ್ಟೆಂಬರಿನಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರ ಜುಲೈಯಲ್ಲಿ ರಾಜೀನಾಮೆಯಿತ್ತು ಮತ್ತೊಂದು ಬ್ಯಾಂಕಿಗೆ ಹೊರಟರು. ಹಣವನ್ನು ಆಕ್ಷೇಪಣೆಯೊಡನೆ ಕಟ್ಟಿದರು. ಕರ್ನಾಟಕದ ಉಚ್ಚ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ ಕರಾರು ಸಿಂಧುವೆಂದು ಸಾರಿತು.

ತೀರ್ಪಿನ ಮೊದಲ ಭಾಗವನ್ನು ನಾವು ಒಪ್ಪುತ್ತೇವೆ. ಇಂತಹ ಕರಾರು ಬೇರೆ ಉದ್ಯೋಗವನ್ನು ನಿಷೇಧಿಸುವುದಿಲ್ಲ. ಆದುದರಿಂದ 1872ರ ಕರಾರು ಕಾಯಿದೆಯ 27ನೆಯ ಕಲಮಿಗೆ ವಿರೋಧವಲ್ಲ. ಸಾರ್ವಜನಿಕ ಸಂಸ್ಥೆಗೆ ಮತ್ತೆ ಬಹಿರಂಗ ನೇಮಕಾತಿ ನಡೆಸುವುದು ವೆಚ್ಚದ ಕೆಲಸವೆಂಬುದೂ ನಿಜವೇ. ನಮ್ಮ ಆಕ್ಷೇಪವಿರುವುದು ಮೊತ್ತದ ವಿಚಾರದಲ್ಲಿ. ಅಧಿಕಾರಿಯ ಸಂಬಳ ದೊಡ್ಡದು, ಆದುದರಿಂದ 2 ಲಕ್ಷವು ವಿಪರೀತವಲ್ಲ ಎಂಬುದು ನ್ಯಾಯಾಲಯದ ವಾದಸರಣಿ. ಇದು ತೆರುವವನ ಶಕ್ತಿಯ ಅಳತೆಯೇ ಹೊರತು ಪಡೆಯುವವನ ನಷ್ಟದ ಅಳತೆಯಲ್ಲ. ಅದೇ ಕಾಯಿದೆಯ 74ನೆಯ ಕಲಮಿನ ಪ್ರಕಾರ ಕರಾರಿನಲ್ಲಿ ಹೇಳಿದ ಮೊತ್ತವು ಮೇಲಿನ ಎಲ್ಲೆ. ಸಲ್ಲಬೇಕಾದದ್ದು ಆ ಎಲ್ಲೆಯೊಳಗಿನ ಯುಕ್ತವಾದ ಪರಿಹಾರ. ಮೂವತ್ತಾರು ತಿಂಗಳುಗಳಲ್ಲಿ ಇಪ್ಪತ್ತೊಂದಕ್ಕೂ ಹೆಚ್ಚು ದುಡಿದವನೂ ಒಂದೇ ತಿಂಗಳು ದುಡಿದವನೂ ಸಮನಾಗಿ ತೆರುವುದಾದರೆ ಅದು ಪರಿಹಾರವಾಗದೆ ದಂಡವಾಗುತ್ತದೆ. ಇದೇ ವಿಧಿಯನ್ನು ಕೆಳದರ್ಜೆಯ ಪೇದೆಗೆ ಅನ್ವಯಿಸಿದರೆ ಅನ್ಯಾಯವು ಇನ್ನೂ ತೀವ್ರವಾಗುವುದು.

ಅಮೆರಿಕದ ಜಾರ್ಜಿಯಾ ರಾಜ್ಯದ ಶಾಸನವು ಬೇರೊಂದು ದಾರಿಯನ್ನು ಹಿಡಿದಿದೆ. ಅಲ್ಲಿ ತರಬೇತಿ ಮುಗಿದ 15 ತಿಂಗಳೊಳಗೆ ಪೋಲೀಸನು ಬೇರೆ ಪೋಲೀಸ್ ಸಂಸ್ಥೆಗೆ ಸೇರಿದರೆ, ಪೂರ್ಣ ವೆಚ್ಚವನ್ನು ಹೊಸ ಸಂಸ್ಥೆಯು ಹಳೆಯದಕ್ಕೆ ಕೊಡಬೇಕು. 15ರಿಂದ 24 ತಿಂಗಳೊಳಗಾದರೆ ಅರ್ಧ. ಇದರಲ್ಲಿ ಎರಡು ಗುಣಗಳುಂಟು: ಲಾಭ ಪಡೆದವರೇ ತೆರುತ್ತಾರೆ, ಸೇವೆ ಸಂದಂತೆ ಋಣ ಕರಗುತ್ತದೆ.

ಇದನ್ನು ಇಲ್ಲಿಗೆ ಹಾಗೆಯೇ ತರುವುದು ಸಲ್ಲದೆಂಬ ವಾದವೂ ಉಂಟು. ಅಲ್ಲಿ ಊರೂರಿಗೂ ಪ್ರತ್ಯೇಕ ಪೋಲೀಸ್ ಸಂಸ್ಥೆ, ಪ್ರತ್ಯೇಕ ಬೊಕ್ಕಸ. ನಮ್ಮಲ್ಲಿ ಪೋಲೀಸರೆಲ್ಲ ಒಂದೇ ರಾಜ್ಯದ ನೌಕರರು. ಪೋಲೀಸ್ ಇಲಾಖೆಗೆ ಅರಣ್ಯ ಇಲಾಖೆಯು ಹಣ ಕೊಡುವುದೆಂದರೆ ಬಲಜೇಬಿನಿಂದ ಎಡಜೇಬಿಗೆ ಹಾಕಿದಂತೆ. ಈ ಮಾತು ಸರಿಯೇ. ಆದರೆ ಅದರ ನ್ಯಾಯವಾದ ಫಲವೇನು? ಒಂದೇ ಬೊಕ್ಕಸದೊಳಗಿನ ಬದಲಾವಣೆಗೆ ನೌಕರನಿಂದಲೂ ಹಣ ಕೇಳಬಾರದೆಂಬುದೇ. ಹೋಗುವವನು ರಾಜ್ಯವನ್ನು ಬಿಟ್ಟು ಕೇಂದ್ರದ ಪಡೆಗೋ ಸರ್ಕಾರೀ ಉದ್ಯಮಕ್ಕೋ ಸೇರಿದಾಗ ಮಾತ್ರ ಬೊಕ್ಕಸ ಬೇರೆಯಾಗುತ್ತದೆ. ಆಗ ಸೇರಿಸಿಕೊಂಡ ಸಂಸ್ಥೆಯೇ ಇಳಿಯುವ ಪ್ರಮಾಣದಲ್ಲಿ ತುಂಬಿಕೊಡುವುದು ಯುಕ್ತ.

ಹಣದಿಂದ ತುಂಬಲಾರದ ನಷ್ಟವೊಂದು ಉಳಿದೇ ಉಳಿಯುತ್ತದೆ. ಸಾವನದುರ್ಗದ ಯಾವ ಬಂಡೆ ಮಳೆಗಾಲದಲ್ಲಿ ಜಾರುತ್ತದೆ, ದಾರಿ ತಪ್ಪಿದವರನ್ನು ಎಲ್ಲಿ ಹುಡುಕಬೇಕು, ತಪ್ಪಲಿನ ಹಳ್ಳಿಯಲ್ಲಿ ಯಾರನ್ನು ಕೇಳಬೇಕು ಎಂಬ ತಿಳಿವಳಿಕೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಅದು ಅಲ್ಲಿಯೇ ತಿರುಗಿ ಬರಬೇಕಾದದ್ದು. ಅದನ್ನು ಉಳಿಸಿಕೊಳ್ಳಲು ಮುಚ್ಚಳಿಕೆ ಸಾಧನವಲ್ಲ. ಸಕಾಲದ ಬಡ್ತಿ, ವಾಸಕ್ಕೆ ಯೋಗ್ಯವಾದ ಮನೆ, ವಾರದ ರಜೆ ಇವುಗಳೇ ಸಾಧನ. ಹೋಗುವವನಿಗೆ ಬೆಲೆ ಕಟ್ಟುವ ಮೊದಲು, ಅವನು ಏಕೆ ಹೋಗುತ್ತಾನೆಂಬುದನ್ನು ಇಲಾಖೆಯು ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯ.