ಕಲ್ಲು ಉಳಿಯಿತು, ಬಜಾರು ಹೋಯಿತು

ಹಂಪಿಯ ವಿರೂಪಾಕ್ಷ ಗುಡಿಯೆದುರಿನ ಬೀದಿ ಈಗ ಬಹಳ ಚೊಕ್ಕಟವಾಗಿದೆ. ಎರಡೂ ಬದಿಗೆ ಸಾಲು ಮಂಟಪ, ನಡುವೆ ಬರೀ ಬಿಸಿಲು, ಆ ತುದಿಯಲ್ಲಿ ಕಲ್ಲಿನ ನಂದಿ. ಫೋಟೋಗೆ ಅಡ್ಡ ಬರಲು ಬಟ್ಟೆ ಒಣಹಾಕಿದ ಒಂದು ಹಗ್ಗವೂ ಇಲ್ಲ. ಈ ಅಂದಕ್ಕೆ ಬೆಲೆ ತೆತ್ತವರು ಯಾರೆಂದು ನಾವು ಪ್ರವಾಸಿಗರು ಕೇಳುವುದಿಲ್ಲ.

2011ರ ಜುಲೈ 29ರಂದು ಈ ಬೀದಿಗೆ ಜೆಸಿಬಿಗಳು ಬಂದವು. ಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಗೋಡೆಗಳು, ಹೋಟೆಲುಗಳು, ಅಂಗಡಿಗಳು ಉರುಳಿದವು. ಸಾಮಾನು ಸಾಗಿಸಲು ಒಂದು ದಿನದ ಪುರಸೊತ್ತೂ ಸಿಗಲಿಲ್ಲವೆಂಬುದು ನಿವಾಸಿಗಳ ದೂರು. ಸರಕಾರಿ ಕಡತದಲ್ಲಿ ಅವರ ಹೆಸರು ‘ಒತ್ತುವರಿದಾರರು’.

ಅವರದು ತಪ್ಪೇ ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ಕೆತ್ತನೆಯ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು, ಸಿಮೆಂಟು ಮೆತ್ತಿತ್ತು. ಸ್ಮಾರಕ ಉಳಿಯಬೇಕಾದರೆ ಅದಕ್ಕೊಂದು ಕಟ್ಟುಪಾಡು ಬೇಕೇ ಬೇಕು. ಆದರೆ ಕಟ್ಟುಪಾಡು ಬೇರೆ, ಖಾಲಿ ಮಾಡಿಸುವುದು ಬೇರೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಈ ಬೀದಿಯ ಚೆಂದದ ಮನೆಗಳನ್ನು ವರ್ಣಿಸಿದ್ದಾನೆ. ಯಾತ್ರಿಕರು ತಂಗುತ್ತಿದ್ದ ಮೊಗಸಾಲೆಗಳ ಬಗ್ಗೆಯೂ ಬರೆದಿದ್ದಾನೆ. ಬಂದವರಿಗೆ ನೆರಳು, ಊಟ, ಹಾಸಿಗೆ ಒದಗಿಸುವುದೇ ಆ ಬೀದಿಯ ಕಸುಬು. 2011ರವರೆಗೆ ಅಲ್ಲಿದ್ದವರು ಮಾಡುತ್ತಿದ್ದುದೂ ಅದನ್ನೇ. ಐದು ಶತಮಾನದ ಹಿಂದಿನ ಕಂಬ ಪರಂಪರೆಯಾದರೆ, ಅದರ ಕೆಳಗೆ ನಡೆಯುತ್ತಿದ್ದ ಕೆಲಸ ಮಾತ್ರ ಅತಿಕ್ರಮಣ ಹೇಗಾದೀತು? ಗುಡಿಯಲ್ಲಿ ಪೂಜೆ ನಿಲ್ಲದಿರುವುದನ್ನು ಜೀವಂತ ಪರಂಪರೆಯೆಂದು ಎಲ್ಲರೂ ಕೊಂಡಾಡುತ್ತಾರೆ. ಗುಡಿಯೆದುರು ಇಡ್ಲಿ ಬೇಯಿಸುವವಳಿಗೆ ಆ ಗೌರವವಿಲ್ಲ.

ಎಬ್ಬಿಸಿದವರಿಗೆ ಸುಮಾರು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು. ನಕಾಶೆಯಲ್ಲಿ ಇದು ಹತ್ತಿರವೇ. ಮನೆ ಬಾಗಿಲಲ್ಲೇ ಕರ್ಪೂರ, ಬಾಳೆಹಣ್ಣು ಮಾರಿ ಒಲೆ ಹಚ್ಚುತ್ತಿದ್ದವರಿಗೆ ಹತ್ತಿರವೇ? ಮನೆಗೆ ಬದಲು ನಿವೇಶನ ಕೊಡಬಹುದು, ಗಿರಾಕಿಗೆ ಬದಲು ಏನು ಕೊಡುತ್ತೀರಿ?

2020ರ ಮಾರ್ಚಿನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, ನದಿಯಾಚೆಯ ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನೂ ಕೆಡವಲಾಯಿತು. ಆ ಪ್ರಕರಣವೇ ಬೇರೆ. ಅಲ್ಲಿದ್ದುದು ಬಂಡವಾಳ ಹೂಡಿದವರ ವ್ಯಾಪಾರ. ಆದರೂ ರೆಸಾರ್ಟಿನ ಯಜಮಾನನಿಗೂ ಮಂಟಪದಲ್ಲಿ ಹುಟ್ಟಿ ಬೆಳೆದ ಕೂಲಿಯವನಿಗೂ ನಮ್ಮ ಪತ್ರಿಕೆಗಳು ಬಳಸಿದ ಪದ ಒಂದೇ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಖರ್ಚು ಯಾರ ಲೆಕ್ಕಕ್ಕೆ ಬಿತ್ತೆಂದು ವಿಚಾರಿಸಿದವರು ಬೆರಳೆಣಿಕೆಯಷ್ಟು ಮಂದಿ.

2024ರ ಮೇ ತಿಂಗಳ ಮಳೆಗೆ ಅದೇ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಕೆಳಗೆ ಯಾರೂ ವಾಸವಿರಲಿಲ್ಲ. ಮೊದಲಾಗಿದ್ದರೆ ಕಲ್ಲು ಜರುಗಿದ್ದನ್ನೋ ಸೂರು ಸೋರಿದ್ದನ್ನೋ ಅಲ್ಲಿ ಮಲಗುತ್ತಿದ್ದವರೇ ಮೊದಲು ನೋಡುತ್ತಿದ್ದರು.